ಪಿಆರ್‌ಆರ್‌ಎಸ್ ಸೀಕ್ವೆನ್ಸ್ ರಿಪೋರ್ಟ್ ಕೈಗೆ ಬಂತು, ಈಗ ಅದನ್ನ ಓದೋದು ಹೇಗೆ

ತಾಯಿ ಹಂದಿಗಳು ದಿನ ತುಂಬೋ ಮುಂಚೆನೇ ಈಯೋಕೆ ಶುರು ಮಾಡಿದ್ವು, ಮರಿಗಳಲ್ಲಿ ಸುಮಾರು ಸತ್ತೇ ಹುಟ್ಟಿದ್ವು, ಉಳಿದವು ಕಾಲ ಮೇಲೆ ನಿಲ್ಲೋಕೂ ಆಗ್ದೆ ಏದುಸಿರು ಬಿಡ್ತಾ ಇದ್ವು, ರಕ್ತ ತೆಗೆದು ಲ್ಯಾಬಿಗೆ ಕಳ್ಸಿದ್ರಿ, ಪಿಆರ್‌ಆರ್‌ಎಸ್ ಅನ್ನೋ ಹಂದಿ ವೈರಸ್‌ಗೆ ಪಿಸಿಆರ್ (ವೈರಸ್ ಇದ್ಯಾ ಅಂತ ನೋಡೋ ಪರೀಕ್ಷೆ) ಪಾಸಿಟಿವ್ ಬಂತು, ಸೀಕ್ವೆನ್ಸಿಂಗ್ (ವೈರಸ್ಸಿನ ಜೀನೋಮ್ ಅಕ್ಷರಗಳನ್ನ ಓದೋದು) ಮಾಡ್ಸೋಣ ಅಂತ ಡಾಕ್ಟ್ರು ಹೇಳಿದ್ರು, ಸ್ವಲ್ಪ ದಿನ ಆದ್ಮೇಲೆ ಒಂದು ಪಿಡಿಎಫ್ ಬಂತು. ಅದ್ರಲ್ಲಿ ಒಂದು ಪರ್ಸೆಂಟು, ಮಧ್ಯ ಗೆರೆ ಹಾಕಿರೋ ಮೂರು ಅಂಕಿ, ಲೀನಿಯೇಜ್ (ವೈರಸ್ಸಿನ ವಂಶದ ಶಾಖೆ) ಅಂತ ಒಂದು ಹೆಸ್ರು, ಕೆಳಗೆ ಮರದ ಕೊಂಬೆ ಥರ ಒಂದು ಚಿತ್ರ. ತುಂಬಾ ಜನ ಇಲ್ಲಿ ಪರ್ಸೆಂಟ್ ಒಂದನ್ನ ಮಾತ್ರ ನೋಡಿ ಫೈಲ್ ಮುಚ್ಚಿ ಇಡ್ತಾರೆ. ನಾನು ಇಂಥ ರಿಪೋರ್ಟ್‌ಗಳನ್ನ ಓದಿ ಫಾರ್ಮ್‌ನವರಿಗೆ ಅರ್ಥ ಮಾಡ್ಸೋ ಕೆಲ್ಸ ಮಾಡ್ತೀನಿ, ಅದ್ರಲ್ಲಿ ಎಷ್ಟು ವಿಷ್ಯ ಇರುತ್ತೆ, ಎಷ್ಟು ಇರಲ್ಲ ಅನ್ನೋದು ಎರಡೂ ಗೊತ್ತಾದ್ರೆ ಮುಂದಿನ ತೀರ್ಮಾನ ತಪ್ಪಲ್ಲ, ಅದಕ್ಕೇ ಇದನ್ನ ಬರೀತಿದೀನಿ.

ನೀವು ಈ ರಿಪೋರ್ಟಿಗೆ ಕೇಳಬೇಕಾದ ಪ್ರಶ್ನೆ ಮುಖ್ಯವಾಗಿ ಒಂದೇ. ಇದು ನಮ್ಮಲ್ಲೇ ಇದ್ದ ಹಳೇ ವೈರಸ್ ಸ್ವಲ್ಪ ಬದಲಾಗಿರೋದಾ, ಇಲ್ಲ ಹೊರಗಿಂದ ಬಂದ ಹೊಸ ವೈರಸ್ಸಾ? ಹಳೇದಾದ್ರೆ ಒಳಗಿನ ಓಡಾಟ ಸರಿ ಮಾಡ್ಬೇಕು, ಮರಿಗಳನ್ನ ಒಂದು ಗುಂಪಿಂದ ಇನ್ನೊಂದಕ್ಕೆ ಹಾಕೋದು, ಒಂದೇ ಸೂಜಿ ಹತ್ತಾರು ಹಂದಿಗೆ ಚುಚ್ಚೋದು, ಇಂಥವು. ಹೊಸದಾದ್ರೆ ಬಾಗ್ಲು ಎಲ್ಲಿ ತೆರ್ಕೊಂಡಿದೆ ಅಂತ ಹುಡುಕಬೇಕು, ಲಾರಿ, ಹೊಸ ಹೆಣ್ಣು ಹಂದಿಗಳು, ವೀರ್ಯ, ಬಂದುಹೋಗೋ ಜನ. ಎರಡಕ್ಕೂ ಖರ್ಚು ಬೇರೆ, ಶ್ರಮ ಬೇರೆ, ತಪ್ಪು ದಿಕ್ಕಲ್ಲಿ ಹೋದ್ರೆ ಆರು ತಿಂಗಳು ವ್ಯರ್ಥ.

ಮೊದಲು ಈ ವೈರಸ್ ಬಗ್ಗೆ ಬೇಕಾದಷ್ಟು ಮಾತ್ರ. ಪಿಆರ್‌ಆರ್‌ಎಸ್ ಹಂದಿಗಳಿಗೆ ಮಾತ್ರ ಬರೋದು, ಮನುಷ್ಯರಿಗೆ ಬರಲ್ಲ. ಗಬ್ಬದ ಹಂದಿಗಳಲ್ಲಿ ಕೊನೇ ತಿಂಗಳ ಗರ್ಭಪಾತ, ಮರಿಗಳಲ್ಲಿ ಉಸಿರಾಟದ ತೊಂದ್ರೆ, ಕೆಲವು ಸಲ ಕಿವಿ ನೀಲಿ ಆಗುತ್ತೆ. 1980ರ ದಶಕದ ಕೊನೇಲಿ ಅಮೆರಿಕದಲ್ಲಿ ಕಾಣಿಸ್ತು, 1990ರ ಹೊತ್ತಿಗೆ ಯುರೋಪಲ್ಲೂ ಬಂತು. 1991ರಲ್ಲಿ ನೆದರ್ಲೆಂಡ್ಸ್‌ನ ಲೆಲಿಸ್ಟಾಡ್‌ನಲ್ಲಿ ಮೊದಲ ಸಲ ವೈರಸ್ಸನ್ನ ಬೇರ್ಪಡಿಸಿದ್ರು, ಸ್ವಲ್ಪ ದಿನದಲ್ಲೇ ಅಮೆರಿಕದವರೂ ತಮ್ಮದನ್ನ ಬೇರ್ಪಡಿಸಿದ್ರು, ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದಾಗ ರೋಗ ಒಂದೇ, ಆದ್ರೆ ಜೀನೋಮ್ ಹೋಲೋದು ಸುಮಾರು 60% ಅಷ್ಟೇ. ಅದಕ್ಕೇ ಇವತ್ತು ಅವನ್ನ ಟೈಪ್ 1, ಟೈಪ್ 2 ಅಂತ ಎರಡು ಬೇರೆ ಜಾತಿ ಅಂತಾನೇ ಲೆಕ್ಕ ಹಾಕ್ತಾರೆ.

ಜೀನೋಮ್ ಅಂದ್ರೆ ಇಲ್ಲಿ ಒಂದೇ ಎಳೆಯ ಆರ್‌ಎನ್‌ಎ, ಸುಮಾರು 15,000 ಅಕ್ಷರ. ಅಕ್ಷರ ಅಂತ ನಾನು ಹೇಳ್ತಿರೋದು ಎ, ಸಿ, ಜಿ, ಟಿ ಈ ನಾಲ್ಕನ್ನ (ಆರ್‌ಎನ್‌ಎಯಲ್ಲಿ ಟಿ ಬದ್ಲು ಯು ಇರುತ್ತೆ, ರಿಪೋರ್ಟಲ್ಲಿ ಟಿ ಅಂತಾನೇ ಬರೀತಾರೆ, ಗಾಬರಿ ಬೇಡ). ಈ ವೈರಸ್ ತನ್ನನ್ನ ಕಾಪಿ ಮಾಡ್ಕೊಳ್ಳುವಾಗ ಆದ ತಪ್ಪನ್ನ ತಿದ್ದೋಕೆ ಅದ್ರ ಹತ್ರ ಏನೂ ಇಲ್ಲ. ಒಂದೊಂದು ಹಂದಿಯೊಳಗೆ ಲೆಕ್ಕ ಇಲ್ಲದಷ್ಟು ಕಾಪಿ ಆಗುತ್ತೆ, ಪ್ರತಿ ಕಾಪಿಯಲ್ಲೂ ಅಲ್ಲೊಂದು ಇಲ್ಲೊಂದು ಅಕ್ಷರ ತಪ್ಪುತ್ತೆ, ಬಹಳಷ್ಟು ತಪ್ಪು ಕಾಪಿಗಳು ಅಲ್ಲೇ ಸಾಯ್ತವೆ, ಕೆಲವು ಬದುಕ್ತವೆ, ಅವುಗಳಲ್ಲಿ ಕೆಲವು ಹಂದಿಯ ರೋಗನಿರೋಧಕ ಶಕ್ತಿಯಿಂದ ತಪ್ಪಿಸ್ಕೊಳ್ಳೋದ್ರಲ್ಲಿ ಅಪ್ಪನಿಗಿಂತ ಜಾಣ ಆಗಿರ್ತವೆ. ಆರ್‌ಎನ್‌ಎ ವೈರಸ್‌ಗಳಲ್ಲೇ ಬೇಗ ಬದಲಾಗೋದ್ರ ಪಟ್ಟಿ ಮಾಡಿದ್ರೆ ಇದು ಮೇಲಿನ ಸಾಲಲ್ಲಿ ಬರುತ್ತೆ.

ರಿಪೋರ್ಟಲ್ಲಿ ಸಾಮಾನ್ಯವಾಗಿ ಪೂರ್ತಿ 15,000 ಅಕ್ಷರ ಇರಲ್ಲ. ಓಆರ್‌ಎಫ್ 5 ಅನ್ನೋ ಒಂದು ತುಂಡು ಮಾತ್ರ ಇರುತ್ತೆ, ಟೈಪ್ 2ರಲ್ಲಿ 603 ಅಕ್ಷರ, ಟೈಪ್ 1ರಲ್ಲಿ 606. ಅಂದ್ರೆ ಪೂರ್ತಿ ಪುಸ್ತಕದ 4% ಓದಿ ಕಥೆ ಹೇಳ್ತಾ ಇದೀವಿ, ಇದನ್ನ ಕೊನೇವರೆಗೂ ನೆನಪಲ್ಲಿ ಇಟ್ಕೊಳ್ಳಿ. ಈ ತುಂಡನ್ನೇ ಯಾಕೆ ಆರಿಸ್ಕೊಂಡ್ರು ಅಂದ್ರೆ ವೈರಸ್ಸಿನ ಹೊರಮೈಯಲ್ಲಿರೋ ಜಿಪಿ5 ಅನ್ನೋ ಪ್ರೋಟೀನನ್ನ ಬರೆಯೋದು ಇದೇ, ಹೆಚ್ಚು ಬದಲಾಗೋ ಜಾಗನೂ ಇದೇ, ಜೊತೆಗೆ ಹಳೇ ಕಾಲದಿಂದ ಎಲ್ಲರೂ ಇದನ್ನೇ ಓದಿ ಇಟ್ಟಿರೋದ್ರಿಂದ ಹೋಲಿಕೆಗೆ ಸಾವಿರಾರು ಸೀಕ್ವೆನ್ಸ್ ಸಿಗುತ್ತೆ.

ಸ್ಯಾಂಪಲ್ ಕಳ್ಸೋ ಮುಂಚೆ

ರಿಪೋರ್ಟ್ ಓದೋ ಮಾತು ಅಂದು ಸ್ಯಾಂಪಲ್ ಬಗ್ಗೆ ಯಾಕೆ ಅಂತ ಅನ್ನಿಸ್ಬಹುದು, ಆದ್ರೆ ನಾನು ನೋಡಿರೋ ಕೆಟ್ಟ ರಿಪೋರ್ಟ್‌ಗಳಲ್ಲಿ ಬಹುಪಾಲು ಕೆಟ್ಟಿದ್ದು ಇಲ್ಲೇ. ಪಿಸಿಆರ್ ರಿಪೋರ್ಟಲ್ಲಿ ಸಿಟಿ ವ್ಯಾಲ್ಯೂ ಅಂತ ಒಂದು ನಂಬರ್ ಇರುತ್ತೆ. ಅದು ಕಡಿಮೆ ಇದ್ದಷ್ಟೂ ವೈರಸ್ ಜಾಸ್ತಿ. ಹೆಚ್ಚುಕಮ್ಮಿ 3.3 ಸಿಟಿ ಏರಿದ್ರೆ ವೈರಸ್ ಹತ್ತರಲ್ಲಿ ಒಂದು ಪಾಲಿಗೆ ಇಳೀತು ಅಂತ ಅರ್ಥ. ಓಆರ್‌ಎಫ್ 5 ಸೀಕ್ವೆನ್ಸಿಂಗ್ ಚೆನ್ನಾಗಿ ಆಗ್ಬೇಕಂದ್ರೆ ಸಿಟಿ 30ರ ಒಳಗೆ ಇರೋ ಸ್ಯಾಂಪಲ್ ಆರಿಸಿ, ಪೂರ್ತಿ ಜೀನೋಮ್ ಮಾಡ್ಸೋದಾದ್ರೆ ಇನ್ನೂ ಕಡಿಮೆ ಇದ್ರೆ ಒಳ್ಳೇದು. ಸಿಟಿ 36 ಇರೋ ಸ್ಯಾಂಪಲ್ ಕಳ್ಸಿ ಸೀಕ್ವೆನ್ಸ್ ಬರ್ಲಿಲ್ಲ ಅಂತ ಲ್ಯಾಬ್ ಮೇಲೆ ಸಿಟ್ಟು ಮಾಡ್ಕೊಳ್ಳೋದ್ರಲ್ಲಿ ಅರ್ಥ ಇಲ್ಲ, ಅಲ್ಲಿ ಓದೋಕೆ ವೈರಸ್ಸೇ ಇಲ್ಲ.

ಕಾಯಿಲೆ ಶುರುವಾದ ಹೊಸದ್ರಲ್ಲಿ, ಜ್ವರ ಇರೋ, ಮೇವು ಬಿಟ್ಟಿರೋ ಹಂದಿಯ ಸೀರಮ್ ಎಲ್ಲಕ್ಕಿಂತ ಒಳ್ಳೇದು. ಹುಟ್ಟಿದ ತಕ್ಷಣ ಬಡಕಲಾಗಿ ಕಾಣೋ ಮರಿಯ ರಕ್ತದಲ್ಲೂ ವೈರಸ್ ಚೆನ್ನಾಗಿ ಇರುತ್ತೆ. ಸತ್ತ ಹಂದಿ ಆದ್ರೆ ಶ್ವಾಸಕೋಶದ ತುಂಡು. ಗಂಡು ಮರಿಗಳ ಬೀಜ ಒಡೆಯುವಾಗ, ಬಾಲ ಕತ್ತರಿಸುವಾಗ ಸಿಗೋ ದ್ರವ, ಸತ್ತ ಮರಿಗಳ ನಾಲಿಗೆ ತುದಿ, ಇವನ್ನೂ ಈಗ ತುಂಬಾ ಕಡೆ ಬಳಸ್ತಾರೆ, ಹೆಚ್ಚು ಮರಿಗಳನ್ನ ಕಮ್ಮಿ ಖರ್ಚಲ್ಲಿ ನೋಡೋಕೆ ಅವು ಬಹಳ ಅನುಕೂಲ. ಹಗ್ಗ ಕಟ್ಟಿ ಹಂದಿಗಳು ಅಗಿದ ಮೇಲೆ ಹಿಂಡಿ ತೆಗೆಯೋ ಜೊಲ್ಲು ಇದ್ಯಲ್ಲ, ಅದು ವೈರಸ್ ಇದ್ಯಾ ಇಲ್ವಾ ಅಂತ ತಿಳಿಯೋಕೆ ಸರಿ, ಸೀಕ್ವೆನ್ಸಿಂಗ್‌ಗೆ ಅಷ್ಟು ಒಗ್ಗಲ್ಲ.

ಇನ್ನೊಂದು ಮುಖ್ಯ ವಿಷ್ಯ, ಹತ್ತು ಹಂದಿಗಳ ರಕ್ತ ಒಂದೇ ಟ್ಯೂಬಿಗೆ ಸುರಿದು ಸೀಕ್ವೆನ್ಸಿಂಗ್‌ಗೆ ಕಳ್ಸಬೇಡಿ. ಪಿಸಿಆರ್‌ಗೆ ಪೂಲ್ ಮಾಡಿ ಪರವಾಗಿಲ್ಲ, ಪಾಸಿಟಿವ್ ಬಂದ ಪೂಲ್‌ನಲ್ಲಿ ಯಾವ ಹಂದಿದು ಸಿಟಿ ಕಡಿಮೆ ಅಂತ ನೋಡಿ ಅದನ್ನ ಒಂದೇ ಕಳ್ಸಿ. ಪೂಲ್‌ನಲ್ಲಿ ಎರಡು ಥರ ವೈರಸ್ ಇದ್ರೆ ಸ್ಯಾಂಗರ್ ಅನ್ನೋ ಮಾಮೂಲಿ ಸೀಕ್ವೆನ್ಸಿಂಗ್ ವಿಧಾನ ಜಾಸ್ತಿ ಇರೋದನ್ನ ಮಾತ್ರ ತೋರ್ಸುತ್ತೆ, ಇಲ್ಲ ಎರಡನ್ನೂ ಒಂದ್ರ ಮೇಲೊಂದು ಬರೆದು ಕಲಸುಮೇಲೋಗರ ಮಾಡುತ್ತೆ. ದೊಡ್ಡ ಫಾರ್ಮ್ ಆದ್ರೆ ಬೇರೆ ಬೇರೆ ಶೆಡ್, ಬೇರೆ ಬೇರೆ ವಯಸ್ಸಿಂದ ಎರಡು ಮೂರು ಸೀಕ್ವೆನ್ಸ್ ಮಾಡ್ಸಿ. ಒಂದೇ ಫಾರ್ಮಲ್ಲಿ ಎರಡು ವೈರಸ್ ಒಟ್ಟಿಗೆ ಓಡಾಡ್ತಿರೋದು ಅಪರೂಪ ಅಲ್ಲ, ಒಂದೇ ಹಂದಿ ನೋಡಿ ಇಡೀ ಫಾರ್ಮಿಗೆ ಒಂದೇ ವೈರಸ್ ಅಂತ ಹೇಳೋದು ದುಡುಕು.

ಮೊದಲು ಅಕ್ಷರ ನೋಡಿ, ಆಮೇಲೆ ಪರ್ಸೆಂಟ್

ಲ್ಯಾಬಿಂದ ಪಿಡಿಎಫ್ ಜೊತೆ ಫಾಸ್ಟಾ ಫೈಲ್ ಕೇಳಿ ತಗೊಳ್ಳಿ. ಅದು ಬರೀ ಟೆಕ್ಸ್ಟ್ ಫೈಲು, ಮೊದಲ ಸಾಲಲ್ಲಿ ಹೆಸ್ರು, ಕೆಳಗೆ ಅಕ್ಷರಗಳು. ಫೋನಲ್ಲೇ ತೆರೀಬಹುದು. ಮೂರು ವಿಷ್ಯ ಕಣ್ಣಲ್ಲೇ ನೋಡ್ಬಹುದು. ಉದ್ದ 603 ಅಥವಾ 606 ಇದ್ಯಾ, ಇಲ್ಲ 480ಕ್ಕೇ ನಿಂತುಹೋಗಿದ್ಯಾ? ಶುರು ಎಟಿಜಿ ಇಂದ ಆಗಿದ್ಯಾ (ಪ್ರೋಟೀನ್ ಬರವಣಿಗೆ ಶುರು ಆಗೋ ಗುರುತು ಅದೇ)? ಮಧ್ಯ ಮಧ್ಯ ಎನ್, ಆರ್, ವೈ ಅನ್ನೋ ಅಕ್ಷರ ಇದ್ಯಾ? ಎನ್ ಅಂದ್ರೆ ಮಷೀನಿಗೆ ಅಲ್ಲಿ ಯಾವ ಅಕ್ಷರ ಅಂತ ಗೊತ್ತಾಗ್ಲಿಲ್ಲ, ಆರ್ ಅಂದ್ರೆ ಎ ಅಥವಾ ಜಿ, ವೈ ಅಂದ್ರೆ ಸಿ ಅಥವಾ ಟಿ, ಎರಡೂ ಕಾಣಿಸ್ತಿದೆ ಅಂತ. ಒಂದೆರಡು ಇದ್ರೆ ಪರವಾಗಿಲ್ಲ, ಇಪ್ಪತ್ತು ಇದ್ರೆ ಆ ಸ್ಯಾಂಪಲಲ್ಲಿ ಎರಡು ವೈರಸ್ ಸೇರಿರೋ ಸಾಧ್ಯತೆ ಇದೆ, ಲ್ಯಾಬಿಗೆ ಫೋನ್ ಮಾಡಿ ಕೇಳಿ. ಇಂಥ ಸೀಕ್ವೆನ್ಸಿನ ಪರ್ಸೆಂಟ್ ಇಟ್ಕೊಂಡು ತೀರ್ಮಾನಕ್ಕೆ ಹೋಗ್ಬೇಡಿ.

ಈಗ ಪರ್ಸೆಂಟ್. ರಿಪೋರ್ಟಲ್ಲಿ 94.5% ಅಂತ ಇದ್ರೆ ಮೊದಲು ಕೇಳ್ಬೇಕಾದ್ದು, ಯಾವುದಕ್ಕೆ ಹೋಲಿಸಿದ್ರೆ? ಬಹಳ ರಿಪೋರ್ಟ್‌ಗಳಲ್ಲಿ ವ್ಯಾಕ್ಸೀನ್ ವೈರಸ್‌ಗೆ ಹೋಲಿಸಿರ್ತಾರೆ. ಅದು ನಿಮ್ಮ ಪ್ರಶ್ನೆಗೆ ಉತ್ತರ ಅಲ್ಲ. ವ್ಯಾಕ್ಸೀನ್ ಜೊತೆ 87% ಮಾತ್ರ ಹೋಲೋ ವೈರಸ್ ನಿಮ್ಮ ಫಾರ್ಮಲ್ಲಿ ಮೂರು ವರ್ಷದಿಂದ ಇದ್ದದ್ದೇ ಆಗಿರ್ಬಹುದು. ನಿಮಗೆ ಬೇಕಾದ ಪರ್ಸೆಂಟ್ ಅಂದ್ರೆ ನಿಮ್ಮದೇ ಫಾರ್ಮಿನ ಹಿಂದಿನ ಸೀಕ್ವೆನ್ಸ್ ಜೊತೆಗಿನದು. ಇದೊಂದನ್ನ ಸಾವಿರ ಸಲ ಬೇಕಾದ್ರೂ ಹೇಳ್ತೀನಿ, ಹಳೇ ಸೀಕ್ವೆನ್ಸ್ ಇಲ್ದೇ ಹೋದ್ರೆ ಹೊಸ ಸೀಕ್ವೆನ್ಸ್ ಅರ್ಧ ಮೂಗ.

ಲೆಕ್ಕ ಹೀಗೆ ಮಾಡಿ. 603 ಅಕ್ಷರದಲ್ಲಿ 6 ಅಕ್ಷರ ಅಂದ್ರೆ 1%. ಓಆರ್‌ಎಫ್ 5 ಒಂದು ಫಾರ್ಮಲ್ಲಿ ಇದ್ದಲ್ಲೇ ಇದ್ರೆ ವರ್ಷಕ್ಕೆ ಹೆಚ್ಚುಕಮ್ಮಿ ಅರ್ಧದಿಂದ 1% ಬದಲಾಗೋದು ಕಾಣುತ್ತೆ, ಅಂದ್ರೆ ಮೂರರಿಂದ ಆರು ಅಕ್ಷರ. ಹದಿನಾಲ್ಕು ತಿಂಗಳ ಹಿಂದಿನ ಸೀಕ್ವೆನ್ಸ್ ಜೊತೆ ಇವತ್ತಿಂದನ್ನ ಇಟ್ಟು ನೋಡಿದ್ರಿ, 8 ಅಕ್ಷರ ಬೇರೆ ಇದೆ ಅಂತಿಟ್ಕೊಳ್ಳಿ. 603ರಲ್ಲಿ 8 ಅಂದ್ರೆ 1.3%, ಹೋಲಿಕೆ 98.7%. ಇದು ಹಳೇ ವೈರಸ್ಸೇ ಬದಲಾಗ್ತಾ ಬಂದಿರೋದು ಅನ್ನೋದಕ್ಕೆ ಚೆನ್ನಾಗಿ ಹೊಂದುತ್ತೆ. ಅದೇ 33 ಅಕ್ಷರ ಬೇರೆ ಇದ್ರೆ 5.5%, ವರ್ಷಕ್ಕೆ ಆರರಂತೆ ಬದಲಾದ್ರೂ ಐದು ವರ್ಷ ಮೇಲೆ ಬೇಕು, ನಿಮ್ಮ ಹತ್ರ ಇರೋದು ಹದಿನಾಲ್ಕು ತಿಂಗಳು. ಇದು ಹೊರಗಿಂದ ಬಂದಿದೆ. ಕೆಲ್ಸದಲ್ಲಿ ಇರೋರು 2%, 3% ಹತ್ರ ಒಂದು ಗೆರೆ ಹಾಕ್ಕೋತಾರೆ, ಅದಕ್ಕಿಂತ ಜಾಸ್ತಿ ವ್ಯತ್ಯಾಸ ಇದ್ರೆ ಹೊಸದು ಅಂತ. ಆ ಗೆರೆ ಒಂದು ಅಂದಾಜು, ಕಾನೂನಲ್ಲ. ಎರಡು ಸ್ಯಾಂಪಲ್ ನಡುವೆ ಎಷ್ಟು ಕಾಲ ಆಗಿದೆ ಅನ್ನೋದನ್ನ ಸೇರ್ಸದೆ ಬರೀ ಗೆರೆ ನೋಡಿದ್ರೆ ಎಡವ್ತೀರಿ: ಎರಡು ವಾರದಲ್ಲಿ 1.8% ವ್ಯತ್ಯಾಸ ಬಂದಿದ್ರೆ ಅದು ಗೆರೆ ಒಳಗಿದ್ರೂ ನನಗೆ ಅನುಮಾನನೇ, ನಾಲ್ಕು ವರ್ಷದಲ್ಲಿ 3% ಆಗಿದ್ರೆ ಅದು ಗೆರೆ ದಾಟಿದ್ರೂ ಮನೆಯದೇ ಇರ್ಬಹುದು.

ಇಲ್ಲೊಂದು ಸೂಕ್ಷ್ಮ ಇದೆ, ಪಕ್ಕದ ಫಾರ್ಮಿನ ಸೀಕ್ವೆನ್ಸ್ ಜೊತೆ ಹೋಲಿಸುವಾಗ ಲೆಕ್ಕ ಎರಡು ಪಟ್ಟು ಆಗುತ್ತೆ. ಎರಡು ಫಾರ್ಮ್‌ಗೂ ಎರಡು ವರ್ಷದ ಹಿಂದೆ ಒಂದೇ ಕಡೆಯಿಂದ ವೈರಸ್ ಬಂತು ಅಂತಿಟ್ಕೊಳ್ಳಿ, ಇಲ್ಲಿ 12 ಅಕ್ಷರ ಬದಲಾಯ್ತು, ಅಲ್ಲೂ ಬೇರೆ 12 ಬದಲಾಯ್ತು, ಈಗ ಎರಡರ ನಡುವೆ 24 ಅಕ್ಷರ ವ್ಯತ್ಯಾಸ, 4%. ಸಂಬಂಧನೇ ಇಲ್ಲ ಅಂತ ತಳ್ಳಿಹಾಕ್ಬೇಡಿ, ಅಣ್ಣ ತಮ್ಮಂದಿರ ಮಕ್ಕಳು ಇದ್ದ ಹಾಗೆ. ಹಾಗೇ ಪಕ್ಕದವರದ್ದು 99.5% ಹೋಲಿದ್ರೂ ಅವರಿಂದ ನಿಮಗೆ ಬಂತಾ, ನಿಮ್ಮಿಂದ ಅವರಿಗೆ ಹೋಯ್ತಾ, ಇಬ್ಬರಿಗೂ ಮೂರನೇ ಕಡೆಯಿಂದ ಬಂತಾ ಅಂತ ಈ ಪರ್ಸೆಂಟ್ ಹೇಳಲ್ಲ. ಇದನ್ನ ಹಿಡ್ಕೊಂಡು ಜಗಳಕ್ಕೆ ಹೋಗಿ ವರ್ಷಗಟ್ಟಲೆ ಮಾತು ಬಿಟ್ಟ ನೆರೆಯವರನ್ನ ನೋಡಿ ಬೇಜಾರಾಗಿದೆ. ಹಂದಿ ಮೊದಲು ಎಲ್ಲಿ ಮಲಗ್ತು, ಯಾವ ತಾರೀಕು, ಯಾವ ಲಾರಿ ಯಾವಾಗ ಎಲ್ಲಿಗೆ ಹೋಯ್ತು, ಇದನ್ನ ಸೀಕ್ವೆನ್ಸ್ ಜೊತೆ ಇಟ್ಟಾಗ ಮಾತ್ರ ದಿಕ್ಕು ಗೊತ್ತಾಗುತ್ತೆ.

ಅಕ್ಷರ ಎಲ್ಲಿ ಬದಲಾಗಿದೆ ಅನ್ನೋದನ್ನ ನೀವೇ ನೋಡ್ಬಹುದು. ಹಳೇ ಮತ್ತು ಹೊಸ ಫಾಸ್ಟಾ ಎರಡನ್ನೂ ಕ್ಲಸ್ಟಲ್ ಒಮೆಗಾ ಅಥವಾ ಮಾಫ್ಟ್ ಅನ್ನೋ ಉಚಿತ ಪ್ರೋಗ್ರಾಮಿಗೆ ಹಾಕಿ, ಎರಡನ್ನೂ ಸಾಲಾಗಿ ಜೋಡಿಸಿ ಕೊಡುತ್ತೆ, ಒಂದೇ ಇರೋ ಕಡೆ ನಕ್ಷತ್ರದ ಗುರುತು ಹಾಕುತ್ತೆ, ನಕ್ಷತ್ರ ಇಲ್ಲದ ಕಡೆ ಎಣಿಸಿ. ಇನ್ನು ಪ್ರಪಂಚದಲ್ಲಿ ಯಾರ ವೈರಸ್ ನಿಮ್ಮದನ್ನ ಹೋಲುತ್ತೆ ಅಂತ ನೋಡೋಕೆ ಎನ್‌ಸಿಬಿಐ ಅನ್ನೋ ಅಮೆರಿಕದ ಸಂಸ್ಥೆಯ ಬ್ಲಾಸ್ಟ್ ಅನ್ನೋ ಹುಡುಕೋ ಪ್ರೋಗ್ರಾಮಿಗೆ ಅಂಟಿಸ್ಬಹುದು, ಜೆನ್‌ಬ್ಯಾಂಕ್ ಅನ್ನೋ ಸೀಕ್ವೆನ್ಸ್ ಭಂಡಾರದಲ್ಲಿ ಇರೋದ್ರ ಜೊತೆ ಹೋಲಿಸಿ ಪಟ್ಟಿ ಕೊಡುತ್ತೆ. ಆದ್ರೆ ಆ ಪಟ್ಟಿಯ ಮೊದಲ ಸಾಲಲ್ಲಿ ಯಾವುದೋ ದೂರದ ದೇಶದ ಹೆಸ್ರು ಬಂತು ಅಂತ ವೈರಸ್ ಅಲ್ಲಿಂದ ಹಾರಿಬಂತು ಅಂದ್ಕೋಬೇಡಿ. ಯಾವ ದೇಶದವರು ಜಾಸ್ತಿ ಸೀಕ್ವೆನ್ಸ್ ಹಾಕಿದಾರೋ ಅವರ ಹೆಸ್ರೇ ಮೇಲೆ ಬರೋದು ಜಾಸ್ತಿ, ನಿಮ್ಮ ಪಕ್ಕದ ಊರಿನವರು ಹಾಕೇ ಇಲ್ಲ ಅಂದ್ರೆ ಅವರು ಪಟ್ಟಿಯಲ್ಲಿ ಬರೋದು ಹೇಗೆ?

ಮೂರು ಅಂಕಿಯ ಹೆಸ್ರು

1-7-4, 1-4-4, 2-5-2 ಈ ಥರ ನಂಬರ್ ಇರುತ್ತಲ್ಲ, ಅದಕ್ಕೆ ಆರ್‌ಎಫ್‌ಎಲ್‌ಪಿ ಅಂತಾರೆ. ಟೈಪ್ 2ಕ್ಕೆ ಮಾತ್ರ ಬಳಸೋದು, 1990ರ ದಶಕದ ಪದ್ಧತಿ, ಆಗ ಸೀಕ್ವೆನ್ಸಿಂಗ್ ದುಬಾರಿ ಇತ್ತು. ಮೂರು ಎಂಜೈಮ್ ಅನ್ನೋ ಕತ್ತರಿ, ಒಂದೊಂದು ಕತ್ತರಿಯೂ ತನಗೆ ಬೇಕಾದ ಆರು ಅಕ್ಷರ ಸಾಲಾಗಿ ಸಿಕ್ಕಿದ ಕಡೆ ಮಾತ್ರ ಕತ್ತರಿಸುತ್ತೆ. ಎಲ್ಲೆಲ್ಲಿ ಕತ್ತರಿಸ್ತು ಅನ್ನೋ ಮಾದರಿಗೆ ಒಂದೊಂದು ನಂಬರ್.

ಮೊದಲ ಅಂಕಿ ಎಂಎಲ್‌ಯು1 ಅನ್ನೋ ಕತ್ತರಿದು, ಅದು ಹುಡುಕೋದು ಎ-ಸಿ-ಜಿ-ಸಿ-ಜಿ-ಟಿ. ಈ ಆರು ಅಕ್ಷರ ಇದ್ರೆ ಕತ್ತರಿ ಬೀಳುತ್ತೆ. ಈಗ ಐದನೇ ಜಿ ಕಾಪಿ ಮಾಡುವಾಗ ತಪ್ಪಿ ಎ ಆಯ್ತು ಅಂತಿಟ್ಕೊಳ್ಳಿ, ಎ-ಸಿ-ಜಿ-ಸಿ-ಎ-ಟಿ. ಕತ್ತರಿಗೆ ಗುರುತು ಸಿಗಲ್ಲ, ಮೊದಲ ಅಂಕಿ 2 ಇದ್ದದ್ದು 1 ಆಗುತ್ತೆ. 603ರಲ್ಲಿ ಒಂದೇ ಅಕ್ಷರ, 0.2% ಕೂಡ ಇಲ್ಲ, ಆದ್ರೆ ವೈರಸ್ಸಿನ ಹೆಸ್ರೇ ಬದಲಾಗಿಹೋಯ್ತು, ಫಾರ್ಮಲ್ಲಿ ಹೊಸ ವೈರಸ್ ಬಂತು ಅಂತ ಗಲಾಟೆ. ಇದು ಉಲ್ಟಾನೂ ಆಗುತ್ತೆ, ಒಂದಕ್ಕೊಂದು ಸಂಬಂಧ ಇಲ್ಲದ ಎರಡು ವೈರಸ್‌ಗೆ ಒಂದೇ ನಂಬರ್ ಬೀಳುತ್ತೆ. 2020ರ ಕೊನೇಲಿ ಅಮೆರಿಕದ ಮಿನೆಸೋಟ ಕಡೆ 1-4-4 ನಂಬರಿನ ಒಂದು ವೈರಸ್ ಜೋರಾಗಿ ಹರಡಿ ತುಂಬಾ ಹಂದಿ ಸತ್ತವು, ಆದ್ರೆ ಅದೇ 1-4-4 ನಂಬರ್ ಇರೋ ಬೇರೆ ವೈರಸ್ ಮುಂಚೆನೂ ಇತ್ತು, ಅದಕ್ಕೇ ಅವರು ಬರೀ ನಂಬರ್ ಹೇಳದೆ ಎಲ್1ಸಿ ಅಂತ ಲೀನಿಯೇಜ್ ಸೇರ್ಸಿ ಹೇಳ್ಬೇಕಾಯ್ತು. ಹಾಗಾಗಿ ಈ ಮೂರು ಅಂಕಿಯನ್ನ ಮಾತಾಡೋಕೆ ಅನುಕೂಲದ ಅಡ್ಡಹೆಸರು ಅಂತ ಇಟ್ಕೊಳ್ಳಿ, ಅದ್ರ ಮೇಲೆ ದುಡ್ಡು ಖರ್ಚಾಗೋ ಯಾವ ತೀರ್ಮಾನನೂ ಮಾಡ್ಬೇಡಿ.

ಲೀನಿಯೇಜ್ ಅದಕ್ಕಿಂತ ಗಟ್ಟಿ. ಇದು ಎಲ್ಲಾ 603 ಅಕ್ಷರ ನೋಡಿ ವಂಶವೃಕ್ಷ ಬಿಡಿಸಿ ಕೊಡೋ ಹೆಸ್ರು. ಟೈಪ್ 2ನ್ನ 2010ರಲ್ಲಿ 9 ಲೀನಿಯೇಜ್ ಅಂತ ವಿಂಗಡಿಸಿದ್ರು, ಆಮೇಲೆ ವೈರಸ್ ಬದಲಾದ ಹಾಗೆ ಇನ್ನೂ ಸೇರ್ಕೊಂಡ್ವು, ಒಳಗೆ ಉಪಶಾಖೆಗಳೂ ಬಂದ್ವು. ಮರದ ಚಿತ್ರ ನೋಡುವಾಗ ಎಡದಿಂದ ಬಲಕ್ಕೆ ಹೋಗೋ ಗೆರೆಯ ಉದ್ದ ಮಾತ್ರ ಲೆಕ್ಕ, ಅದೇ ಬದಲಾವಣೆ ಎಷ್ಟು ಅನ್ನೋದು. ಮೇಲೆ ಕೆಳಗೆ ಹತ್ತಿರ ಇದೆ ಅಂತ ಎರಡು ಹೆಸ್ರು ನೆಂಟರಲ್ಲ, ಯಾವ ಕವಲಲ್ಲಿ ಸೇರ್ತವೆ ಅಂತ ಬೆರಳಿಟ್ಟು ಹಿಂದಕ್ಕೆ ಹೋಗಿ ನೋಡಿ. ಕವಲಿನ ಹತ್ರ ಬೂಟ್‌ಸ್ಟ್ರಾಪ್ ನಂಬರ್ ಇರುತ್ತೆ, 100ರ ಹತ್ರ ಇದ್ರೆ ಆ ಕವಲು ನಂಬ್ಬಹುದು, 40, 50 ಇದ್ರೆ ಆ ಕವಲಿನ ಮೇಲೆ ಭಾರ ಹಾಕ್ಬೇಡಿ.

ಲೈವ್ ವ್ಯಾಕ್ಸೀನ್ ಹಾಕೋ ಫಾರ್ಮ್ ಆದ್ರೆ

ಇಲ್ಲಿ ಸ್ವಲ್ಪ ನಿಧಾನ ಮಾಡಿ. ಪಿಆರ್‌ಆರ್‌ಎಸ್‌ನ ಲೈವ್ ವ್ಯಾಕ್ಸೀನಲ್ಲಿ ಇರೋದು ಬಲ ಕುಗ್ಗಿಸಿದ ಜೀವಂತ ವೈರಸ್ಸೇ, ಅದು ಹಂದಿಯಲ್ಲಿ ಬೆಳೆಯುತ್ತೆ, ರಕ್ತದಲ್ಲಿ ವಾರಗಟ್ಟಲೆ ಕಾಣಿಸುತ್ತೆ, ಪಿಸಿಆರ್ ಪಾಸಿಟಿವ್ ಬರ್ಸುತ್ತೆ. ವ್ಯಾಕ್ಸೀನ್ ಹಾಕಿ ಮೂರು ವಾರಕ್ಕೆ ತೆಗೆದ ಸ್ಯಾಂಪಲಲ್ಲಿ ವ್ಯಾಕ್ಸೀನ್ ಜೊತೆ 99.7% ಹೋಲಿಕೆ ಬಂದ್ರೆ ನೀವು ಹಾಕಿದ್ದನ್ನೇ ನೀವು ಕಂಡುಹಿಡಿದ್ರಿ ಅಷ್ಟೇ, ಕಾಯಿಲೆಗೆ ಕಾರಣ ಅದೇ ಅಂತ ಆಗಲ್ಲ. ಅದ್ರ ಹಿಂದೆ ಕಾಡು ವೈರಸ್ ಕಮ್ಮಿ ಪ್ರಮಾಣದಲ್ಲಿ ಅಡಗಿರ್ಬಹುದು. ಕಾಯಿಲೆ ಜೋರಾಗೇ ಇದ್ರೆ ವ್ಯಾಕ್ಸೀನ್ ಹಾಕದ ಗುಂಪಿಂದ, ಇಲ್ಲ ವ್ಯಾಕ್ಸೀನ್ ಹಾಕಿ ತುಂಬಾ ದಿನ ಆದ ಗುಂಪಿಂದ ಇನ್ನೊಂದು ಸ್ಯಾಂಪಲ್ ಕಳ್ಸಿ.

ಹಾಗಂತ ವ್ಯಾಕ್ಸೀನ್ ವೈರಸ್ ಯಾವತ್ತೂ ತೊಂದ್ರೆ ಕೊಡಲ್ಲ ಅಂತಲೂ ಅಲ್ಲ. 1996ರಲ್ಲಿ ಡೆನ್ಮಾರ್ಕಲ್ಲಿ ಲೈವ್ ವ್ಯಾಕ್ಸೀನ್ ಹಾಕೋಕೆ ಶುರು ಮಾಡಿದ್ಮೇಲೆ ಆ ವೈರಸ್ ವ್ಯಾಕ್ಸೀನ್ ಹಾಕದ ಹಂದಿಗಳಿಗೂ ಹರಡಿ, ಹಿಂದಿನ ಕೆಟ್ಟಗುಣಕ್ಕೆ ಮರಳಿ ರೋಗ ತಂತು, ಅದು ವ್ಯಾಕ್ಸೀನಿಂದಲೇ ಬಂದಿದ್ದು ಅಂತ ಗೊತ್ತಾಗಿದ್ದೂ ಸೀಕ್ವೆನ್ಸಿಂದಲೇ. ಅದೇ ದೇಶದಲ್ಲಿ 2019ರಲ್ಲಿ ಇನ್ನೊಂದು ಥರ ಆಯ್ತು: ಎರಡು ಬೇರೆ ಬೇರೆ ವ್ಯಾಕ್ಸೀನ್ ವೈರಸ್‌ಗಳು ಸೇರ್ಕೊಂಡು ಹುಟ್ಟಿದ ಹೊಸ ವೈರಸ್, ವೀರ್ಯ ಒದಗಿಸೋ ಗಂಡು ಹಂದಿಗಳ ಕೇಂದ್ರಕ್ಕೆ ಹೊಕ್ಕು, ವೀರ್ಯದ ಜೊತೆ ಫಾರ್ಮ್‌ಗಳಿಗೆ ಹೋಯ್ತು. ಇದಕ್ಕೆ ರೀಕಾಂಬಿನೇಶನ್ ಅಂತಾರೆ. ಒಂದೇ ಹಂದಿಯ ಒಂದೇ ಜೀವಕೋಶಕ್ಕೆ ಎರಡು ವೈರಸ್ ಹೊಕ್ಕಾಗ, ಕಾಪಿ ಮಾಡೋ ಯಂತ್ರ ಅರ್ಧ ಇದ್ರದ್ದು ಅರ್ಧ ಅದ್ರದ್ದು ಬರೆದು ಮೂರನೇದನ್ನ ಮಾಡಿಬಿಡುತ್ತೆ. ವರ್ಷಕ್ಕೆ ಆರು ಅಕ್ಷರ ಅನ್ನೋ ನಮ್ಮ ಲೆಕ್ಕ ಇಲ್ಲಿ ನಡೆಯಲ್ಲ, ಒಂದೇ ಏಟಿಗೆ ಸಾವಿರಾರು ಅಕ್ಷರ ಬದಲಾಗುತ್ತೆ. ಅದು ಓಆರ್‌ಎಫ್ 5ರ ಹೊರಗೆ ಆಗಿದ್ರಂತೂ ನಿಮ್ಮ ರಿಪೋರ್ಟಲ್ಲಿ 99% ಹಳೇದೇ ಅಂತ ಬಂದಿರುತ್ತೆ, ಹಂದಿ ಮಾತ್ರ ಹಿಂದೆಂದೂ ಇಲ್ಲದ ಹಾಗೆ ಸಾಯ್ತಿರುತ್ತೆ.

ಒಂದು ಫಾರ್ಮಲ್ಲಿ ನಾನೇ ಹೀಗೆ ಎಡವಿದೀನಿ. ಓಆರ್‌ಎಫ್ 5 ಹಿಂದಿನ ವರ್ಷದ್ದಕ್ಕೆ 99.2% ಹೊಂದ್ತಿತ್ತು, ಹಳೇದೇ ಅಂತ ಹೇಳ್ಬಿಟ್ಟೆ, ಒಳಗಿನ ಓಡಾಟ ಬಿಗಿ ಮಾಡಿ ಅಂದೆ, ಅವರು ಪಾಪ ಎಲ್ಲಾ ಮಾಡಿದ್ರು, ಗರ್ಭಪಾತ ನಿಲ್ಲಲಿಲ್ಲ. ಆರು ವಾರ ಆದ್ಮೇಲೆ ಪೂರ್ತಿ ಜೀನೋಮ್ ಮಾಡ್ಸಿದಾಗ ಮುಂದಿನ ಅರ್ಧ ಬೇರೆಯದ್ದೇ ವೈರಸ್ಸಿಂದು. ಆ ಆರು ವಾರದಲ್ಲಿ ಹೋದ ಮರಿಗಳ ಲೆಕ್ಕ ಇವತ್ತಿಗೂ ನನ್ನ ತಲೆಯಿಂದ ಹೋಗಿಲ್ಲ. ಅವತ್ತಿಂದ ಕೊಟ್ಟಿಗೆಯಲ್ಲಿ ಕಾಣ್ತಿರೋದಕ್ಕೂ ರಿಪೋರ್ಟಲ್ಲಿ ಬರೆದಿರೋದಕ್ಕೂ ತಾಳೆ ಆಗ್ಲಿಲ್ಲ ಅಂದ್ರೆ ಕಾಯದೆ ಪೂರ್ತಿ ಜೀನೋಮ್ ಮಾಡ್ಸಿ ಅಂತೀನಿ. ಎರಡು ವೈರಸ್ ಒಟ್ಟಿಗೆ ಇರೋ ಫಾರ್ಮು, ಎರಡು ಕಂಪನಿ ಲೈವ್ ವ್ಯಾಕ್ಸೀನ್ ಒಂದಾದ್ಮೇಲೊಂದು ಹಾಕಿರೋ ಫಾರ್ಮು, ಇಲ್ಲೂ ಅದೇ ಮಾತು.

ಸೀಕ್ವೆನ್ಸ್ ಹೇಳದ ಮಾತುಗಳು

ಅಕ್ಷರ ಬದಲಾದ್ರೆ ಪ್ರೋಟೀನ್ ಬದಲಾಗ್ಲೇಬೇಕು ಅಂತಿಲ್ಲ. ಮೂರು ಮೂರು ಅಕ್ಷರ ಸೇರಿ ಒಂದು ಅಮೈನೋ ಆಮ್ಲ. ಎ-ಎ-ಸಿ ಅಂದ್ರೆ ಆಸ್ಪರಾಜಿನ್. ಕೊನೇ ಸಿ ಬದಲಾಗಿ ಎ-ಎ-ಟಿ ಆದ್ರೂ ಅದು ಆಸ್ಪರಾಜಿನ್ನೇ, ಏನೂ ವ್ಯತ್ಯಾಸ ಇಲ್ಲ. ಅದೇ ಮೊದಲ ಎ ಬದಲಾಗಿ ಜಿ-ಎ-ಸಿ ಆದ್ರೆ ಆಸ್ಪಾರ್ಟಿಕ್ ಆಮ್ಲ, ಪ್ರೋಟೀನೇ ಬದಲಾಯ್ತು. ಇದು ಜಿಪಿ5ರಲ್ಲಿ ಮುಖ್ಯ ಯಾಕಂದ್ರೆ ಆಸ್ಪರಾಜಿನ್ ಇರೋ ಕೆಲವು ಜಾಗದಲ್ಲಿ ವೈರಸ್ ಮೈಮೇಲೆ ಸಕ್ಕರೆಯ ಸರಪಳಿ ಅಂಟ್ಕೊಳ್ಳುತ್ತೆ, ಆ ಸಕ್ಕರೆ ಕಂಬಳಿ ಹೊದ್ದ ಹಾಗೆ, ಹಂದಿಯ ಆಂಟಿಬಾಡಿಗೆ ಹಿಡಿಯೋಕೆ ಜಾಗ ಸಿಗದ ಹಾಗೆ ಮುಚ್ಚುತ್ತೆ. ಟೈಪ್ 2ರಲ್ಲಿ 44 ಮತ್ತು 51ನೇ ಜಾಗದ ಸಕ್ಕರೆ ಹೆಚ್ಚುಕಮ್ಮಿ ಎಲ್ಲಾ ವೈರಸಲ್ಲೂ ಇರುತ್ತೆ, 30ರಿಂದ 35ರ ಆಸುಪಾಸಿನದ್ದು ಒಂದೊಂದರಲ್ಲಿ ಒಂದೊಂದು ಥರ. ಹಳೇದು ಹೊಸದು ಹೋಲಿಸುವಾಗ ಈ ಜಾಗದಲ್ಲಿ ಬದಲಾವಣೆ ಕಂಡ್ರೆ ಬರೆದಿಟ್ಕೊಳ್ಳಿ, ಆದ್ರೆ ಅದನ್ನ ನೋಡಿ ಈ ವೈರಸ್ ಇಷ್ಟು ಕೆಟ್ಟದು ಅಂತ ಹೇಳೋಕಾಗಲ್ಲ.

ಎಷ್ಟು ಹಂದಿ ಸಾಯುತ್ತೆ ಅನ್ನೋದು ಓಆರ್‌ಎಫ್ 5ರಲ್ಲಿ ಬರೆದಿಲ್ಲ. 2006ರಲ್ಲಿ ಚೀನಾದಲ್ಲಿ ಜೋರು ಜ್ವರ ಬಂದು ದೊಡ್ಡ ಹಂದಿಗಳೂ ಸತ್ತ ಆ ವೈರಸಲ್ಲಿ ಎನ್‌ಎಸ್‌ಪಿ2 ಅನ್ನೋ ಇನ್ನೊಂದು ಕಡೆ 30 ಅಮೈನೋ ಆಮ್ಲ ಕಾಣೆಯಾಗಿತ್ತು, ಅದೇ ಕಾರಣ ಅಂತ ಎಲ್ಲರೂ ಅಂದ್ಕೊಂಡ್ರು. ಆಮೇಲೆ ಆ ತುಂಡನ್ನ ಬೇಕಂತ್ಲೇ ಅದಲುಬದಲು ಮಾಡಿ ಹಂದಿಗಳಿಗೆ ಕೊಟ್ಟು ನೋಡಿದಾಗ ಉಗ್ರತೆಗೆ ಅದು ಕಾರಣ ಅಲ್ಲ, ಬರೀ ಗುರುತು ಅಂತ ತಿಳೀತು. ಅದೇ ಥರ ಯಾವ ವ್ಯಾಕ್ಸೀನ್ ಕೆಲ್ಸ ಮಾಡುತ್ತೆ ಅಂತಲೂ ಈ ಪರ್ಸೆಂಟ್ ಹೇಳಲ್ಲ. ನಮ್ಮ ವೈರಸ್‌ಗೆ ಈ ವ್ಯಾಕ್ಸೀನ್ 91%, ಆ ವ್ಯಾಕ್ಸೀನ್ 88%, ಹಾಗಾಗಿ ಮೊದಲನೇದು ಹಾಕೋಣ ಅನ್ನೋ ವಾದ ಕೇಳೋಕೆ ಚೆನ್ನಾಗಿದೆ, ಆದ್ರೆ ಓಆರ್‌ಎಫ್ 5 ಹೋಲಿಕೆಗೂ ಸಿಗೋ ರಕ್ಷಣೆಗೂ ನೇರ ಸಂಬಂಧ ಸಿಕ್ಕಿಲ್ಲ. ಯಾರಾದ್ರೂ ಈ ಪರ್ಸೆಂಟ್ ತೋರ್ಸಿ ವ್ಯಾಕ್ಸೀನ್ ಬದಲಾಯಿಸಿ ಅಂದ್ರೆ ಬೇರೆ ಕಾರಣ ಏನಿದೆ ಅಂತ ಕೇಳಿ.

ಇಷ್ಟೆಲ್ಲಾ ಓದಿದ್ಮೇಲೆ ಹೊಸ ವೈರಸ್ ಅಂತ ಅನ್ನಿಸಿದ್ರೆ ಕಾಯಿಲೆ ಕಾಣಿಸಿದ ದಿನದಿಂದ ಹಿಂದಕ್ಕೆ ಮೂರು ನಾಲ್ಕು ವಾರದ ಡೈರಿ ತೆಗೀರಿ. ಹೊಸ ಹಂದಿ ಯಾವಾಗ ಬಂತು, ವೀರ್ಯ ಎಲ್ಲಿಂದ, ಸತ್ತ ಹಂದಿ ಒಯ್ಯೋ ಗಾಡಿ ಗೇಟ್ ಒಳಗೆ ಬಂತಾ, ಮಾರೋಕೆ ಕಳ್ಸಿದ ಲಾರಿ ತೊಳೆದು ಒಣಗಿಸಿ ವಾಪಸ್ ಬಂತಾ. ಒಣಗಿಸೋದು ಅಂತ ಒತ್ತಿ ಹೇಳ್ತೀನಿ, ಈ ವೈರಸ್ ತಣ್ಣಗೆ ಒದ್ದೆ ಇದ್ರೆ ಉಳಿಯುತ್ತೆ, ಬಿಸಿಗೆ, ಒಣಗಿದ್ರೆ ಬೇಗ ಸಾಯುತ್ತೆ. ಹಳೇದೇ ಅಂತ ಅನ್ನಿಸಿದ್ರೆ ಡಾಕ್ಟ್ರ ಜೊತೆ ಕೂತು ಹಿಂಡು ಮುಚ್ಚೋ ಬಗ್ಗೆ ಮಾತಾಡಿ, ಅಂದ್ರೆ ಹೊಸ ಹಂದಿ ಒಳಗೆ ತರದೆ 200 ದಿನ ಅಥವಾ ಇನ್ನೂ ಜಾಸ್ತಿ. ಅಷ್ಟು ದಿನ ಯಾಕಂದ್ರೆ ಕಾಯಿಲೆ ವಾಸಿಯಾದ ಹಂದಿಯ ಟಾನ್ಸಿಲ್‌ನಲ್ಲಿ ವೈರಸ್ ಐದು ತಿಂಗಳಾದ್ರೂ ಕೂತಿರೋದು ಕಂಡಿದೆ.

ಕೊನೇದಾಗಿ ಇವತ್ತೇ ಮಾಡೋ ಕೆಲ್ಸ. ಫಾರ್ಮಿಗೆ ಒಂದು ಫೋಲ್ಡರ್ ಮಾಡಿ, ಇಲ್ಲಿವರೆಗಿನ ಎಲ್ಲಾ ಫಾಸ್ಟಾ ಅದ್ರಲ್ಲಿ ಹಾಕಿ, ಹಳೇದು ಸಿಗದಿದ್ರೆ ಲ್ಯಾಬಿಗೆ ಕೇಳಿ, ಎಷ್ಟೋ ಲ್ಯಾಬ್‌ಗಳಲ್ಲಿ ವರ್ಷಗಟ್ಟಲೆ ಇಟ್ಟಿರ್ತಾರೆ. ಫೈಲಿನ ಹೆಸ್ರಲ್ಲಿ ಮೊದಲು ವರ್ಷ, ಆಮೇಲೆ ತಿಂಗಳು, ದಿನ, ಆಮೇಲೆ ಶೆಡ್, ಹಂದಿಯ ವಯಸ್ಸು, ಸೀರಮ್ಮೋ ಶ್ವಾಸಕೋಶನೋ, ಸಿಟಿ ಎಷ್ಟು, ಕೊನೇ ವ್ಯಾಕ್ಸೀನ್ ಯಾವಾಗ. ರಿಪೋರ್ಟ್ ಬಂದ ತಾರೀಕು ಬೇಡ, ಸ್ಯಾಂಪಲ್ ತೆಗೆದ ತಾರೀಕು ಬರೀರಿ, ಲೆಕ್ಕ ನಡೆಯೋದು ಅದ್ರ ಮೇಲೆ. ಉಳಿದ ಸೀರಮ್ಮನ್ನ ಎರಡು ಚಿಕ್ಕ ಟ್ಯೂಬಲ್ಲಿ ಹಂಚಿ ಮೈನಸ್ 70 ಡಿಗ್ರಿ ಫ್ರೀಜರಲ್ಲಿ ಇಟ್ಕೊಳ್ಳೋಕೆ ಲ್ಯಾಬಿನವರಿಗೆ ಹೇಳಿ, ಮುಂದೆ ಯಾವತ್ತಾದ್ರೂ ಪೂರ್ತಿ ಜೀನೋಮ್ ಹೋಲಿಸ್ಬೇಕು ಅಂತ ಬಂದಾಗ ಇವತ್ತಿನ ಟ್ಯೂಬೇ ಬೇಕಾಗೋದು.